ಹಬ್ಬದ ಮನೆಯ ಅಂಗಳದಲ್ಲಿ

1977ರ ಮಾರ್ಚ್ 20 ಭಾನುವಾರವಾಗಿತ್ತು, ತಪಸ್ಸುಕಾಲದ ನಾಲ್ಕನೆಯ ಭಾನುವಾರ. ಲತೀನ್ ಪೂಜಾವಿಧಿಯ ಹಳೆಯ ರೂಢಿಯಲ್ಲಿ ಈ ದಿನಕ್ಕೆ 'ಲೆತಾರೆ' ಭಾನುವಾರವೆಂದು ಹೆಸರು. ಹರ್ಷಿಸು ಎಂದು ಅದರ ಅರ್ಥ. ಉಪವಾಸ, ಪಶ್ಚಾತ್ತಾಪ, ನೇರಳೆ ಬಣ್ಣದ ಅಷ್ಟು ವಾರಗಳ ನಡುವೆ ಈ ಒಂದು ದಿನ ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರ ತೊಡಬಹುದು, ಪೀಠಕ್ಕೆ ಹೂವಿಡಬಹುದು. ಆ ವರ್ಷ ಮೂರನೆಯ ಸರಣಿಯ ವಾಚನಗಳು ನಡೆಯುತ್ತಿದ್ದುದರಿಂದ ಅಂದಿನ ಶುಭಸಂದೇಶ ಸಂತ ಲೂಕರ 15ನೆಯ ಅಧ್ಯಾಯದ ದುಂದುಗಾರ ಮಗನ ಸಾಮತಿ. (ನಮ್ಮ ಸಿರೋ-ಮಲಬಾರ್ ಬಂಧುಗಳ ಪಂಚಾಂಗ ಬೇರೆ. ಅವರು ಅಂದು ಬೇರೆ ಪಾಠ ಕೇಳಿರುತ್ತಾರೆ.) ಬೆಳಗ್ಗೆ ದೇಶದ ಲತೀನ್ ವಿಧಿಯ ದೇವಾಲಯಗಳಲ್ಲೆಲ್ಲ ಈ ಸಾಮತಿಯನ್ನು ಓದಿದರು. ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಮುಂದೆ ಜನ ಸೇರಿ ಕುಣಿಯತೊಡಗಿದರು. ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ಸೋತಿದ್ದರು.

ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ಯೋಚಿಸಲು ಒಂದು ಕಾರಣವಿದೆ. ಚುನಾವಣೆ ಬಂದು ಹೋದಾಗಲೆಲ್ಲ ನಮ್ಮ ಧರ್ಮಕೇಂದ್ರದ ಯುವಜನರು ಒಂದೇ ಪ್ರಶ್ನೆ ಕೇಳುತ್ತಾರೆ. ನಾವು ಮತ ಹಾಕಿದವರು ಗೆದ್ದರೆ ಮೆರವಣಿಗೆಯಲ್ಲಿ ಕುಣಿಯುವುದು ತಪ್ಪೇ? ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ "ಜಾಗ್ರತೆಯಾಗಿರಿ" ಎಂಬುದು. ಒಳ್ಳೆಯ ಉತ್ತರವೇ. ಆದರೆ ಅದು ಪೊಲೀಸರ ಲಾಠಿಯ ಬಗ್ಗೆ ಕೊಟ್ಟ ಉತ್ತರ. ಕೇಳಿದ ಪ್ರಶ್ನೆ ಮನಸ್ಸಾಕ್ಷಿಯದು.

1977ರ ಸಂತೋಷ ಪೊಳ್ಳು ಸಂತೋಷವಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. 1975ರ ಜೂನ್ 25ರಂದು ಘೋಷಣೆಯಾದ ತುರ್ತು ಪರಿಸ್ಥಿತಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೆರೆಮನೆ ಕಂಡಿದ್ದರು. ಪತ್ರಿಕೆಗಳು ಅನುಮತಿ ಪಡೆದು ಅಚ್ಚಾಗುತ್ತಿದ್ದವು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು; ಉತ್ತರದ ಹಳ್ಳಿಗಳಲ್ಲಿ ಗಂಡಸರು ರಾತ್ರಿ ಹೊಲಗಳಲ್ಲಿ ಅಡಗಿ ಮಲಗುವ ಸ್ಥಿತಿ ಬಂತು. ದೆಹಲಿಯ ತುರ್ಕ್‌ಮಾನ್ ಗೇಟ್‌ನಲ್ಲಿ ಮನೆಗಳು ಬುಲ್ಡೋಜರಿಗೆ ಸಿಕ್ಕವು. ಇಂಥದ್ದೊಂದು ಆಳ್ವಿಕೆಯನ್ನು ಬಂದೂಕು ಹಿಡಿಯದೆ, ಬರಿಯ ಕಾಗದದ ಮತಪತ್ರದಿಂದ ಜನ ಇಳಿಸಿದರು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಮಂಗಳೂರಿನ ಕಥೋಲಿಕ ಮನೆತನದ, ಒಂದು ಕಾಲದಲ್ಲಿ ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಓದುತ್ತಿದ್ದ ಜಾರ್ಜ್ ಫರ್ನಾಂಡಿಸ್, ತಿಹಾರ್ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಮರುದಿನ, ಮಾರ್ಚ್ 21ರಂದು ತುರ್ತು ಪರಿಸ್ಥಿತಿ ರದ್ದಾಯಿತು. ಕುಣಿದವರನ್ನು ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ.

ಆದರೆ ನಮ್ಮ ಕಡೆ ಅದೇ ವಾರ ಬೇರೆ ಬಗೆಯದಾಗಿತ್ತು.

ದಕ್ಷಿಣ ಭಾರತ ಇನ್ನೊಂದು ದಿಕ್ಕಿಗೆ ಮತ ಹಾಕಿತ್ತು. ಕರ್ನಾಟಕದ 28ರಲ್ಲಿ 26, ಆಂಧ್ರದ 42ರಲ್ಲಿ 41 ಕಾಂಗ್ರೆಸ್ಸಿಗೆ. ಕೇರಳದ 20ಕ್ಕೆ 20 ಸ್ಥಾನಗಳೂ ಕಾಂಗ್ರೆಸ್ ಇದ್ದ ಕೂಟಕ್ಕೆ. ಜಾರ್ಜ್ ಫರ್ನಾಂಡಿಸರ ಹುಟ್ಟೂರು ಮಂಗಳೂರಿನಲ್ಲಿ ಗೆದ್ದದ್ದು ಕಾಂಗ್ರೆಸ್ಸಿನ ಜನಾರ್ದನ ಪೂಜಾರಿ. ನಮ್ಮ ಕಾಸರಗೋಡಿನಲ್ಲಿ ಕಡನ್ನಪ್ಪಳ್ಳಿ ರಾಮಚಂದ್ರನ್. ಆದ್ದರಿಂದ ಇಲ್ಲಿಯೂ ಜೈಕಾರ, ಹೂಮಾಲೆ ಇತ್ತು, ಬೇರೆಯವರ ಹೆಸರಿನಲ್ಲಿ. ದೆಹಲಿಯಲ್ಲಿ ಯಾರ ಸೋಲಿಗೆ ಸಿಹಿ ಹಂಚುತ್ತಿದ್ದರೋ ಅವರ ಪಕ್ಷದ ಗೆಲುವಿಗೆ ಇಲ್ಲಿ ಸಿಹಿ ಹಂಚುತ್ತಿದ್ದರು. ಇದರ ನಡುವೆ ಮಾರ್ಚ್ 22ರಂದು ಎ.ಕೆ. ಗೋಪಾಲನ್ ತೀರಿಕೊಂಡರು. 1957, 1962, 1967ರಲ್ಲಿ ಮೂರು ಬಾರಿ ಕಾಸರಗೋಡನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದ ಕಮ್ಯುನಿಸ್ಟ್ ನಾಯಕ. ವಿಚಾರಣೆಯಿಲ್ಲದೆ ಮನುಷ್ಯನನ್ನು ಬಂಧನದಲ್ಲಿಡಬಹುದೇ ಎಂಬ ಪ್ರಶ್ನೆಯನ್ನು 1950ರಲ್ಲೇ ಸುಪ್ರೀಂ ಕೋರ್ಟಿಗೆ ಒಯ್ದವರು ಅವರು. ತುರ್ತು ಪರಿಸ್ಥಿತಿಯನ್ನು ಲೋಕಸಭೆಯಲ್ಲಿ ನಿಂತು ಖಂಡಿಸಿದವರು. ಅದು ರದ್ದಾದ ಮರುದಿನ ಅವರಿಲ್ಲ. ಅವರ ಪಕ್ಷ ಕೇರಳದಲ್ಲಿ ನೆಲ ಕಚ್ಚಿತ್ತು. ಒಂದೇ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ಗೆಲುವಿನ ಬಾವುಟ, ಪಕ್ಕದ ಕಚೇರಿಯ ಮುಂದೆ ಶೋಕದ ಕಪ್ಪು ಬಾವುಟ ಹಾರಿದ ವಾರವದು.

ದಕ್ಷಿಣದವರು ಹೀಗೇಕೆ ಮತ ಹಾಕಿದರು ಎಂದು ಉತ್ತರದವರು ಬಹಳ ಕಾಲ ಹೀಯಾಳಿಸಿದ್ದುಂಟು. ಆ ಹೀಯಾಳಿಕೆಯನ್ನು ನಾವು ಒಪ್ಪುವುದಿಲ್ಲ. ಗಡಿಯ ಆಚೆ, ದಕ್ಷಿಣ ಕನ್ನಡದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಒಕ್ಕಲುಗಳು ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ಸಾಲು ನಿಂತಿದ್ದರು. ತಲೆತಲಾಂತರದಿಂದ ಗೇಣಿ ಅಳೆದ ಗದ್ದೆ ತಮ್ಮದಾಗುವುದನ್ನು ಅವರು ಆ ವರ್ಷಗಳಲ್ಲೇ ಕಂಡರು. ಈಚೆ ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಕೊನೆಗೊಂಡಿತ್ತು. ಧಣಿಯ ಹಿತ್ತಲಲ್ಲಿ ಗುಡಿಸಲು ಕಟ್ಟಿಕೊಂಡಿದ್ದವನಿಗೆ ಹತ್ತು ಸೆಂಟ್ಸ್ ಜಾಗದ ಹಕ್ಕು ಸಿಕ್ಕಿತ್ತು. ಹತ್ತು ಸೆಂಟ್ಸ್ ಎಂದರೆ ಏನೆಂದು ಜಮೀನಿದ್ದವರಿಗೆ ತಿಳಿಯದು. ಮಗಳ ಮದುವೆಯ ಚಪ್ಪರಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ ಎಂದು ಅರ್ಥ. ನಮ್ಮ ಹಿರಿಯರಲ್ಲಿ ಬಹಳ ಮಂದಿ ಆ ಕೃತಜ್ಞತೆಯಿಂದ ಮತ ಹಾಕಿದರು. ಕಚೇರಿಗಳಲ್ಲಿ ಗುಮಾಸ್ತರು ಹತ್ತು ಗಂಟೆಗೆ ಕುರ್ಚಿಯಲ್ಲಿರುತ್ತಿದ್ದರು ಎಂಬ ಸಮಾಧಾನವೂ ಸೇರಿತ್ತು. ಪತ್ರಿಕೆಯಲ್ಲಿ ಬಾರದ ಸುದ್ದಿ ಅವರಿಗೆ ತಿಳಿಯುವ ದಾರಿಯೂ ಇರಲಿಲ್ಲ.

ಬಾರದ ಸುದ್ದಿಗಳಲ್ಲಿ ಒಂದು ತೀರ ಹತ್ತಿರದ್ದು. 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದೊಯ್ದರು. ತಂದೆ ಈಚರ ವಾರಿಯರ್, ಹಿಂದಿ ಅಧ್ಯಾಪಕರು, ಒಂದು ವರ್ಷ ಕಚೇರಿಯಿಂದ ಕಚೇರಿಗೆ ಅಲೆದರು. ಕೇರಳದಲ್ಲಿ ಗೆದ್ದ ಕೂಟದ ಹೊಸ ಮಂತ್ರಿಮಂಡಲ ಮಾರ್ಚ್ 25ರಂದು ಅಧಿಕಾರಕ್ಕೆ ಬಂತು. ಆ ದಿನಗಳಲ್ಲೇ, ತುರ್ತು ಪರಿಸ್ಥಿತಿ ಹೋದದ್ದರಿಂದ ಮತ್ತೆ ತೆರೆದ ನ್ಯಾಯಾಲಯದ ಬಾಗಿಲನ್ನು ಆ ತಂದೆ ತಟ್ಟಿದರು: ನನ್ನ ಮಗನನ್ನು ಹಾಜರುಪಡಿಸಿ. ಆ ವರ್ಷ ಪಾಸ್ಖ ಹಬ್ಬ ಏಪ್ರಿಲ್ 10ರಂದು. ಏಪ್ರಿಲ್ 13ರಂದು ಹೈಕೋರ್ಟ್ ರಾಜನನ್ನು ತನ್ನ ಮುಂದೆ ತರಬೇಕೆಂದು ಆಜ್ಞಾಪಿಸಿತು. ತರಲಾಗಲಿಲ್ಲ, ಆತ ಕಕ್ಕಯಂ ಪೊಲೀಸ್ ಶಿಬಿರದಲ್ಲಿ ಸತ್ತಿದ್ದ. ತುರ್ತು ಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದ ಮುಖ್ಯಮಂತ್ರಿ ಕೆ. ಕರುಣಾಕರನ್ ಒಂದು ತಿಂಗಳು ತುಂಬುವಷ್ಟರಲ್ಲಿ ರಾಜೀನಾಮೆ ಕೊಟ್ಟರು. ದೇಹ ಇಂದಿಗೂ ಸಿಕ್ಕಿಲ್ಲ.

ಮಾರ್ಚ್ ತಿಂಗಳ ಮೆರವಣಿಗೆಯಲ್ಲಿ ಪ್ರಾಮಾಣಿಕವಾಗಿ ಸಂತೋಷಪಟ್ಟ ನಮ್ಮೂರಿನ ಮನುಷ್ಯನೊಬ್ಬ ಏಪ್ರಿಲ್‌ನಲ್ಲಿ ಈ ಸುದ್ದಿ ಓದಿದ್ದನ್ನು ಕಲ್ಪಿಸಿಕೊಳ್ಳಿ. ಅವನ ಹತ್ತು ಸೆಂಟ್ಸ್ ಸುಳ್ಳಾಗಲಿಲ್ಲ. ಆ ತಂದೆಯ ದುಃಖವೂ ಸುಳ್ಳಲ್ಲ.

ಈಗ ಪ್ರಶ್ನೆಗೆ ಬರೋಣ. ಪವಿತ್ರ ಗ್ರಂಥ ಇದಕ್ಕೆ ಒಂದೇ ಬಾಯಿಯಲ್ಲಿ ಉತ್ತರ ಕೊಡುವುದಿಲ್ಲ. ಜ್ಞಾನೋಕ್ತಿಗಳ ಗ್ರಂಥದ 11ನೆಯ ಅಧ್ಯಾಯ ದುಷ್ಟರು ಅಳಿದಾಗ ಪಟ್ಟಣದಲ್ಲಿ ಜಯಘೋಷ ಏಳುತ್ತದೆಂದು ಸಹಜವಾಗಿಯೇ ಹೇಳುತ್ತದೆ. ಅದೇ ಗ್ರಂಥದ 24ನೆಯ ಅಧ್ಯಾಯ ಶತ್ರು ಬಿದ್ದಾಗ ಹಿಗ್ಗಬೇಡವೆಂದು ತಡೆಯುತ್ತದೆ. ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಕುಣಿದಳು. ಆ ಕುಣಿತವನ್ನು ನಾವು ಪಾಸ್ಖ ಜಾಗರಣೆಯಲ್ಲಿ ಪ್ರತಿವರ್ಷ ಸಂಭ್ರಮದಿಂದ ನೆನೆಯುತ್ತೇವೆ. ಯೆಹೂದಿ ಗುರುಗಳ ಪರಂಪರೆಯಲ್ಲಾದರೋ ಅದೇ ರಾತ್ರಿ ಹಾಡಲು ಹೊರಟ ದೇವದೂತರನ್ನು ದೇವರು ಗದರಿಸಿದ ಕಥೆಯಿದೆ: ನಾನೇ ಸೃಷ್ಟಿಸಿದವರು ನೀರಿನಲ್ಲಿ ಮುಳುಗುತ್ತಿರುವಾಗ ನಿಮಗೆ ಹಾಡೇ ಎಂದು. ಗಮನಿಸಿ, ಗದರಿಕೆ ದೇವದೂತರಿಗೆ. ಬೆನ್ನಿಗೆ ಚಾಟಿಯೇಟು ತಿಂದಿದ್ದ ಮಿರ್ಯಾಮಳ ಜನರಿಗೆ ಯಾರೂ ಬಾಯಿ ಮುಚ್ಚೆಂದು ಹೇಳಲಿಲ್ಲ. ಏಟು ತಿಂದವರ ಕುಣಿತಕ್ಕೂ ದಡದಲ್ಲಿ ನಿಂತು ನೋಡಿದವರ ಕುಣಿತಕ್ಕೂ ವ್ಯತ್ಯಾಸವಿದೆ ಎಂದು ನಮಗೆ ತೋರುತ್ತದೆ. ಚುನಾವಣೆಯ ರಾತ್ರಿ ಹೆಚ್ಚು ಗದ್ದಲ ಮಾಡುವವರು ಸಾಮಾನ್ಯವಾಗಿ ಎರಡನೆಯ ಗುಂಪಿನವರು.

ಸಂತ ಥಾಮಸ್ ಅಕ್ವಿನಾಸರ ಪರಂಪರೆಯಲ್ಲಿ ಒಂದು ಸೂಕ್ಷ್ಮ ಬೇರ್ಪಡಿಕೆ ಇದೆ. ಒಂದು ಸಂಗತಿಗಾಗಿಯೇ ಸಂತೋಷಪಡುವುದು ಬೇರೆ, ಅದರ ಜೊತೆಗೆ ಬಂದ ಇನ್ನೊಂದಕ್ಕಾಗಿ ಸಂತೋಷಪಡುವುದು ಬೇರೆ. ಸೆರೆಮನೆಯ ಬಾಗಿಲು ತೆರೆಯಿತೆಂದು ಹಿಗ್ಗುವುದು ಒಂದು. ಆ ಹೆಂಗಸು ಮುಖ ಬಾಡಿಸಿಕೊಂಡು ಮನೆಗೆ ಹೋದಳೆಂದು ಹಿಗ್ಗುವುದು ಇನ್ನೊಂದು. ಕಾಗದದ ಮೇಲೆ ಇದು ಸ್ಪಷ್ಟವಾಗಿದೆ. ನಾಸಿಕ್ ಬ್ಯಾಂಡಿನ ಸದ್ದಿನಲ್ಲಿ ಎರಡನ್ನೂ ಬೇರೆ ಮಾಡಿ ನೋಡಬಲ್ಲವರು ಎಷ್ಟು ಮಂದಿ? ನಮ್ಮ ಅನುಭವದಲ್ಲಿ ಒಂದು ಒರೆಗಲ್ಲು ಉಂಟು. ಸೋತವನ ಹೆಸರು ಹಿಡಿದು ಕೂಗದೆ ನಮ್ಮ ಸಂತೋಷವನ್ನು ಹೇಳಲು ನಮಗೆ ಬರುತ್ತದೆಯೇ? ಬಾರದಿದ್ದರೆ ಅದು ಎರಡನೆಯ ಜಾತಿಯ ಸಂತೋಷ.

ಇಷ್ಟಾದರೂ ಪೂರ್ತಿ ಉತ್ತರ ಸಿಕ್ಕಿದಂತಾಗುವುದಿಲ್ಲ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಹರ್ಷಿಸುವವರೊಡನೆ ಹರ್ಷಿಸಲು, ಅಳುವವರೊಡನೆ ಅಳಲು ಹೇಳುತ್ತಾರೆ, ಎರಡನ್ನೂ ಒಂದೇ ಉಸಿರಿನಲ್ಲಿ. ಮದುವೆ ಮನೆ ಒಂದು ಬೀದಿಯಲ್ಲಿ, ಸಾವಿನ ಮನೆ ಇನ್ನೊಂದು ಬೀದಿಯಲ್ಲಿದ್ದರೆ ಕಷ್ಟವಿಲ್ಲ. ಫಲಿತಾಂಶದ ದಿನ ಎರಡೂ ಎದುರುಬದುರು ಮನೆಗಳು. ಕೆಲವೊಮ್ಮೆ ಒಂದೇ ಮನೆಯ ಎರಡು ಕೋಣೆಗಳು.

ಆ ಭಾನುವಾರದ ಸಾಮತಿ ಇಲ್ಲಿ ನೆರವಿಗೆ ಬರುತ್ತದೆ. ದುಂದುಗಾರ ಮಗ ಮರಳಿದ್ದಕ್ಕೆ ನಾವೆಲ್ಲ ಕಣ್ಣೀರಿಡುತ್ತೇವೆ. ಹೊಲದಿಂದ ಬಂದ ಅಣ್ಣನನ್ನು ಮಾತ್ರ ಅಸೂಯೆಗಾರನೆಂದು ಬೇಗ ತಳ್ಳಿಹಾಕುತ್ತೇವೆ. ಅವನು ದಿನವಿಡೀ ದುಡಿದು ಬಂದವನು. ಮನೆ ಹತ್ತಿರವಾದಾಗ ವಾದ್ಯದ ಸದ್ದು ಕೇಳಿತು. ಏನು ನಡೆದಿದೆಯೆಂದು ತನ್ನ ಮನೆಯ ವಿಷಯವನ್ನು ಆಳಿನಿಂದ ಕೇಳಿ ತಿಳಿಯಬೇಕಾಯಿತು! ಅವನನ್ನು ಕರೆತರಲು ಯಾರನ್ನೂ ಹೊಲಕ್ಕೆ ಕಳುಹಿಸಿರಲಿಲ್ಲ. ಅವನ ಸಿಟ್ಟಿನಲ್ಲಿ ಅಸೂಯೆ ಇದ್ದಿರಬಹುದು, ಆದರೆ ಲೆಕ್ಕ ತಪ್ಪಿರಲಿಲ್ಲ. ತಂದೆ ಅವನೊಡನೆ ವಾದಿಸಿ ಗೆಲ್ಲುವುದಿಲ್ಲ, ಹಬ್ಬವನ್ನು ನಿಲ್ಲಿಸುವುದೂ ಇಲ್ಲ. ಒಳಗೆ ವಾದ್ಯ ಮೊಳಗುತ್ತಿರುವಾಗಲೇ ತಾನು ಎದ್ದು ಅಂಗಳಕ್ಕೆ ಬರುತ್ತಾನೆ. ಹಬ್ಬದ ಯಜಮಾನ ಹಬ್ಬದ ಸ್ವಲ್ಪ ಭಾಗವನ್ನು ಹೊರಗೆ ಕಳೆಯುತ್ತಾನೆ.

ಸಾಮತಿಯ ಪಾತ್ರಗಳನ್ನು ರಾಜಕಾರಣಿಗಳಿಗೆ ಹಂಚಲು ಹೊರಟರೆ ಕೆಲಸ ಕೆಡುತ್ತದೆ. ಇಂದಿರಾ ಗಾಂಧಿ ಆ ಅಣ್ಣನಲ್ಲ. ಅವರ ಆಳ್ವಿಕೆಯ ಲೆಕ್ಕದಲ್ಲಿ ತಪ್ಪುಗಳಿದ್ದವು, ಜೀವಗಳೂ ಹೋಗಿದ್ದವು. ಆದರೂ ಆ ದಿನಗಳಲ್ಲಿ ಒಬ್ಬರು ಅಂಗಳಕ್ಕೆ ಇಳಿದದ್ದುಂಟು. ಚುನಾವಣೆಯ ನಿಜವಾದ ವಿಜಯಿ ಜಯಪ್ರಕಾಶ ನಾರಾಯಣರು ಮಾರ್ಚ್ 24ರ ಬೆಳಗ್ಗೆ ರಾಜಘಾಟ್‌ನಲ್ಲಿ ಹೊಸ ಸಂಸದರಿಗೆ ಪ್ರತಿಜ್ಞೆ ಬೋಧಿಸಿದರು. ವಿಜಯೋತ್ಸವದ ಗದ್ದಲದ ನಡುವೆಯೇ ಅವರು ಸೋತ ಇಂದಿರಾರನ್ನು ನೋಡಲು ಅವರ ಮನೆಗೆ ಹೋದರು. ಇಬ್ಬರ ಕಣ್ಣಲ್ಲೂ ನೀರು ಬಂತೆಂದು ಹತ್ತಿರದಲ್ಲಿದ್ದವರು ಬರೆದಿಟ್ಟಿದ್ದಾರೆ. ಇದನ್ನು ಓದುವಾಗ ಎರಡು ವಿಷಯ ನೆನಪಿರಬೇಕು. ಜೆ.ಪಿ.ಯವರ ಪತ್ನಿ ಪ್ರಭಾವತಿ, ಇಂದಿರಾರ ತಾಯಿ ಕಮಲಾ ನೆಹರೂ ಅವರ ಆಪ್ತ ಗೆಳತಿ. ಆಕೆ ಅವರಿಗೆ ಮನೆಯ ಮಗಳಂತಿದ್ದವರು. ಹಾಗೆಯೇ, ಅದೇ ಮಗಳ ಸರ್ಕಾರದ ಬಂಧನದಲ್ಲಿದ್ದಾಗ ಜೆ.ಪಿ.ಯವರ ಮೂತ್ರಪಿಂಡಗಳು ಕೆಟ್ಟವು. ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಂಡು ಬದುಕುತ್ತಿದ್ದ ಮುದುಕ ಅವರ ಮನೆಯ ಮೆಟ್ಟಿಲು ಹತ್ತಿದ್ದು.

ಇದು ಮೆದುತನವಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಬೆಂಗಳೂರಿನ ಸ್ನೇಹಲತಾ ರೆಡ್ಡಿಯವರನ್ನು ನೆನೆದರೆ ಗಂಟಲು ಕಟ್ಟುತ್ತದೆ. 1970ರ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ ಆಕೆಯನ್ನು 1976ರ ಮೇ ತಿಂಗಳಲ್ಲಿ ಬಂಧಿಸಿದರು. ಉಬ್ಬಸದ ರೋಗಿ ಎಂಟು ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಉಸಿರಿಗಾಗಿ ಒದ್ದಾಡಿದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಚುನಾವಣೆ ಘೋಷಣೆಯಾಗಿ ಎರಡೇ ದಿನವಾಗಿತ್ತು. ಅವರ ಮನೆಯವರ ಪಾಲಿಗೆ ಮಾರ್ಚ್ 20ರ ರಾತ್ರಿ ಯಾವ ಹಬ್ಬ? ಗೆದ್ದ ಪಕ್ಷದೊಳಗೂ ಅಂಗಳದಲ್ಲಿ ನಿಂತವರಿರುತ್ತಾರೆ. ನ್ಯಾಯ ಬಂತು, ನಮ್ಮವರು ಇರುವಾಗ ಬರಲಿಲ್ಲ ಎನ್ನುವವರು. ಸೋತವರ ಮನೆಗೆ ಮೊದಲು ಹೋಗಬೇಕೋ ಇವರ ಮನೆಗೋ ಎಂದು ಕೇಳಿದರೆ ನಮ್ಮ ಉತ್ತರ ಖಚಿತ, ಇವರ ಮನೆಗೆ. ಆ ಮೇಲೆ ಅಲ್ಲಿಗೆ.

ಮತ್ತು ಹೋಗಿ ಬಂದರೆ ಲೆಕ್ಕ ಮುಗಿಯಿತೆಂದಲ್ಲ. ನಡೆದದ್ದನ್ನು ವಿಚಾರಿಸಲು ನ್ಯಾಯಮೂರ್ತಿ ಷಾ ಅವರ ಆಯೋಗ ಕುಳಿತಿತು. ಸಾಕ್ಷಿ, ದಾಖಲೆ, ವರದಿ ಎಲ್ಲ ಕ್ರಮವಾಗಿ ನಡೆದವು. ಅದು ನ್ಯಾಯದ ದಾರಿ. ಅಕ್ಟೋಬರ್ 3ರಂದು ಹೊಸ ಸರ್ಕಾರ ಅವಸರದಲ್ಲಿ ಇಂದಿರಾರನ್ನು ಬಂಧಿಸಿದ್ದು, ಮರುದಿನವೇ ಮ್ಯಾಜಿಸ್ಟ್ರೇಟರು ಆಧಾರ ಸಾಲದೆಂದು ಬಿಟ್ಟುಬಿಟ್ಟದ್ದು ಬೇರೆಯೇ ದಾರಿ. ಗೆಲುವಿನ ಸಂತೋಷ ಹಳಸಿದರೆ ಹೇಗಿರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಷ್ಟರೊಳಗೆ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಸುಟ್ಟಿದ್ದರು, ಆ ಮಹಾ ಗೆಲುವಿನ ಎರಡೇ ತಿಂಗಳಲ್ಲಿ. ಅಲ್ಲಿಗೆ ಮಳೆಗಾಲದ ಕೆಸರಿನಲ್ಲಿ ಆನೆ ಹತ್ತಿ ಹೋದವರು ಸೋತಿದ್ದ ಇಂದಿರಾ. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರೇ ಅವರನ್ನು ಲೋಕಸಭೆಗೆ ಮರಳಿ ಕಳುಹಿಸಿತು. 1979ರ ಜುಲೈಯಲ್ಲಿ ಜನತಾ ಸರ್ಕಾರ ಬಿತ್ತು. ಅಂಗಳದಲ್ಲಿರುವವರನ್ನು ನೋಡಲು ಯಾರು ಹೊರಗೆ ಬರುತ್ತಾರೆಂದು ಜನ ನೋಡುತ್ತಿರುತ್ತಾರೆ.

ಇನ್ನು ನಮ್ಮ ಮಾತು. ಮಲಯಾಳ ನಾಡಿನಲ್ಲಿ ಕನ್ನಡಿಗರು, ಕನ್ನಡಿಗರಲ್ಲಿ ಕಥೋಲಿಕರು, ಧರ್ಮಪ್ರಾಂತ್ಯದಲ್ಲಿ ಮತ್ತೆ ಕನ್ನಡದವರು. ಹೀಗೆ ಮೂರು ಸುತ್ತಿನ ಅಲ್ಪಸಂಖ್ಯಾತರಾದ ನಮ್ಮ ಮನೆಗಳಲ್ಲಿ ಫಲಿತಾಂಶದ ದಿನ ಒಂದೇ ಪ್ರಶ್ನೆ ಏಳುತ್ತದೆ: "ಇದು ನಮಗೆ ಒಳ್ಳೆಯದೋ?" ಶಾಲೆಯಲ್ಲಿ ಕನ್ನಡ ಅಧ್ಯಾಪಕರನ್ನು ನೇಮಿಸುವರೋ, ಸ್ಮಶಾನದ ಜಾಗದ ಕಾಗದ ಸರಿಯಾಗುವುದೋ, ಪ್ರಾರ್ಥನಾ ಕೂಟಕ್ಕೆ ತೊಂದರೆ ಬರುವುದೋ. ಕೇಳಬಾರದೆಂದು ಯಾರೂ ಹೇಳಲಾರರು. ಚಿಕ್ಕ ಸಮುದಾಯಕ್ಕೆ ಈ ಎಚ್ಚರ ಉಸಿರಿನಷ್ಟೇ ಅಗತ್ಯ. ಆದರೆ ಇದೊಂದನ್ನೇ ಕೇಳಿದರೆ 1977ರಲ್ಲಿ ಉತ್ತರ ಸುಲಭವಾಗಿತ್ತು. ನಮಗೆ ಒಳ್ಳೆಯದೇ ಆಗಿತ್ತು, ಹತ್ತು ಸೆಂಟ್ಸ್ ಸಿಕ್ಕಿತ್ತು. ಅದೇ ರಾಜ್ಯದಲ್ಲಿ ಆ ಅಧ್ಯಾಪಕರು ರಾತ್ರಿ ಬಾಗಿಲು ಮುಚ್ಚದೆ ಮಗನಿಗಾಗಿ ಕಾಯುತ್ತಿದ್ದರು. ಎಷ್ಟೋ ವರ್ಷಗಳ ನಂತರ ಬರೆದ ತಮ್ಮ ನೆನಪಿನ ಪುಸ್ತಕದಲ್ಲೂ, ಮಳೆ ಒಳಗೆ ಹೊಡೆದರೂ ಆ ಬಾಗಿಲನ್ನು ತಾನು ಮುಚ್ಚುವುದಿಲ್ಲ ಎಂದೇ ಅವರು ಬರೆದರು. ಸಾಮತಿಯ ತಂದೆಯಂತೆ ದಾರಿ ಕಾದವರು. ಬರುವವನು ಮಾತ್ರ ಬರಲಿಲ್ಲ.

ಮುಂದಿನ ಫಲಿತಾಂಶದ ದಿನ ಪೇಟೆಯಲ್ಲಿ ಗರ್ನಾಲು ಸಿಡಿಯುತ್ತದೆ, ಬೈಕುಗಳು ಸಾಲು ಹೊರಡುತ್ತವೆ. ಮೆರವಣಿಗೆಯ ದಾರಿಯನ್ನು ಸೋತವನ ಮನೆಯ ಮುಂದೆ ಹಾದುಹೋಗುವಂತೆಯೇ ಗೊತ್ತು ಮಾಡುವ ಒಂದು ಕೆಟ್ಟ ಜಾಣತನ ನಮ್ಮ ಎಲ್ಲ ಪಕ್ಷಗಳಿಗೂ ಗೊತ್ತು. ನಮ್ಮ ಮಕ್ಕಳು ಕುಣಿಯುವುದಾದರೆ ಕುಣಿಯಲಿ. ದೇಶದಲ್ಲಿ ಮತಪೆಟ್ಟಿಗೆ ಕೆಲಸ ಮಾಡುತ್ತಿದೆ ಎಂಬುದು ಕುಣಿಯತಕ್ಕ ವಿಷಯವೇ. ಆ ಮನೆಯ ತಿರುವಿನಲ್ಲಿ ಮಾತ್ರ ಇಳಿದು ಪಕ್ಕಕ್ಕೆ ನಿಲ್ಲಲಿ. ನಂತರದ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಗೆದ್ದವರಿಗೆ ವಿವೇಕ ಬೇಡುವಂತೆ ಸೋತವರ ಕುಟುಂಬಗಳಿಗಾಗಿಯೂ ಒಂದು ವಾಕ್ಯ ಸೇರಿಸೋಣ, ಕನ್ನಡ ಪೂಜೆಯಲ್ಲೂ ಮಲಯಾಳಂ ಪೂಜೆಯಲ್ಲೂ. ಸಂಜೆ ಇಬ್ಬರು ಮೂವರು ಹೋಗಿ, ಪಕ್ಷದ ಮಾತೆತ್ತದೆ, ಒಂದು ಲೋಟ ಚಹಾ ಕುಡಿದು ಬರಬಹುದು.

ಇದನ್ನು ಯುವಜನರ ಸಭೆಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಅವರು ಬಾಗಿಲೇ ತೆರೆಯದಿದ್ದರೆ?"

ತೆರೆಯದಿರಬಹುದು. ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತು ಬರೋಣ.